ಮೈಕಿನಲ್ಲಿ ಹೇಳಿದರೆ ಸಾಲದು, ನಡಾವಳಿಗೆ ಬರಲಿ

ಮಕ್ಕಳೇ, ನವೆಂಬರ್ ಬಂತೆಂದರೆ ಹಳ್ಳಿಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಯ ತಯಾರಿ ಶುರುವಾಗುತ್ತದೆ. ಶಾಮಿಯಾನ ಹಾಕುತ್ತಾರೆ. ಅಧ್ಯಕ್ಷರು, ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ಆರೋಗ್ಯ ಇಲಾಖೆಯವರು ಸಾಲಾಗಿ ಕೂರುತ್ತಾರೆ. ನಿಮ್ಮಲ್ಲಿ ಧೈರ್ಯ ಇದ್ದವರು ಎದ್ದು ಪ್ರಶ್ನೆ ಕೇಳುತ್ತೀರಿ, ಚಪ್ಪಾಳೆ ಬೀಳುತ್ತದೆ, ಬಿಸ್ಕತ್ ಪೊಟ್ಟಣ ಕೈಗೆ ಬರುತ್ತದೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ. ಮಲೆನಾಡಿನ ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು ನಾನು. ಇಂಥ ಸಭೆಗಳನ್ನು ಮೇಜಿನ ಆಚೆ ಬದಿಯಲ್ಲಿ ಕೂತು ನೋಡಿದ್ದೇನೆ. ಆಚೆ ಕೂತವರ ಗುಟ್ಟೊಂದನ್ನು ಹೇಳಿಬಿಡುತ್ತೇನೆ: ಮೈಕಿನಲ್ಲಿ ಹೇಳಿದ ಮಾತಿಗೆ ಯಾವ ಅಧಿಕಾರಿಯೂ ಹೆದರುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದದ್ದಕ್ಕೆ ಮಾತ್ರ ಉತ್ತರ ಕೊಡಬೇಕಾಗುತ್ತದೆ.

ಈ ಸಭೆ ಯಾರೋ ದೊಡ್ಡವರು ಕರುಣೆಯಿಂದ ಕೊಟ್ಟದ್ದೆಂದು ತಿಳಿಯಬೇಡಿ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ಕಟ್ಟಿಕೊಂಡಿದ್ದರು. ಅದರಲ್ಲಿ ಶಾಲೆಗೆ ಹೋಗುವವರ ಜೊತೆಗೆ ದುಡಿಯುವ ಮಕ್ಕಳೂ ಇದ್ದರು. ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು ಆಮೇಲೆ, 2006ರಲ್ಲಿ. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಅದನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ನಿಮ್ಮ ಸಮಾಜ ವಿಜ್ಞಾನದ ಪರೀಕ್ಷೆಗೆ ಇಷ್ಟು ಸಾಕು. ಸಭೆಗೆ ಇದು ಸಾಲದು.

ಏಕೆಂದರೆ ಹದಿನೆಂಟು ತುಂಬುವ ತನಕ ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಕಹಿ ಅನ್ನಿಸಬಹುದು, ಆದರೆ ಸದಸ್ಯರ ಕಣ್ಣಿಗೆ ವೋಟಿಲ್ಲದವನ ಪ್ರಶ್ನೆ ಹಗುರ. ಆ ಕೊರತೆ ತುಂಬುವುದಕ್ಕೆ ನಿಮ್ಮ ಹತ್ತಿರ ಇರುವುದು ಲೆಕ್ಕ, ಅರ್ಜಿ ಮತ್ತು ಬೆನ್ನು ಬಿಡದ ಗುಣ.

ಲೆಕ್ಕದಿಂದ ಶುರು ಮಾಡೋಣ. "ನಮ್ಮ ಶಾಲೆಗೆ ಮೂಲಸೌಕರ್ಯ ಒದಗಿಸಿಕೊಡಿ" ಎಂದು ಯಾವ ಮಗುವೂ ತಾನಾಗಿ ಕೇಳುವುದಿಲ್ಲ. ಅದು ಮೇಷ್ಟ್ರು ಬರೆದುಕೊಟ್ಟ ವಾಕ್ಯ, ಮೇಜಿನ ಆಚೆ ಕೂತವರಿಗೆ ಅದು ಕೂಡಲೇ ಗೊತ್ತಾಗುತ್ತದೆ. "ಕ್ರಮ ಕೈಗೊಳ್ಳುತ್ತೇವೆ" ಎಂದು ಅಷ್ಟೇ ಸಲೀಸಾಗಿ ಉತ್ತರವೂ ಬರುತ್ತದೆ. ಅದೇ, "ಹೆಣ್ಣುಮಕ್ಕಳ ಶೌಚಾಲಯದ ಎರಡನೇ ಬಾಗಿಲಿಗೆ ಚಿಲಕ ಇಲ್ಲ, ಗೆಳತಿಯೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಹನ್ನೊಂದು ಗಂಟೆಯ ಮೇಲೆ ನಲ್ಲಿಯಲ್ಲಿ ನೀರು ಬರುವುದಿಲ್ಲ" ಎಂದು ನೋಡಿ. ಇದಕ್ಕೆ ನುಣುಚಿಕೊಳ್ಳುವ ಉತ್ತರ ಸಿಗುವುದು ಕಷ್ಟ. ಚಿಲಕಕ್ಕೆ ಅನುದಾನ ಬರಬೇಕು ಎಂದು ಯಾರು ತಾನೆ ಹೇಳಲು ಸಾಧ್ಯ?

ಒಂದು ಸಭೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆಯಲ್ಲಿ ನಕ್ಷೆ ಬರೆದು ತಂದಿದ್ದಳು. ಎರಡು ಅಡಿಕೆ ಮರ ಕಡಿದು ಹಾಕಿದ ಕಾಲುಸಂಕ, ಹಿಡಿದುಕೊಳ್ಳಲು ಒಂದೇ ಬಿದಿರು. ಹಳ್ಳದ ಅಗಲವನ್ನು ಬಾವಿ ಹಗ್ಗದಲ್ಲಿ ಅಳೆದು, ಆ ಹಗ್ಗವನ್ನು ಮೊಳದಲ್ಲಿ ಲೆಕ್ಕ ಹಾಕಿ ಬರೆದಿದ್ದಳು. ಆ ದಾರಿಯಲ್ಲಿ ಬರುವ ಮಕ್ಕಳ ಹೆಸರು, ಜೂನ್‌ನಿಂದ ಆಗಸ್ಟ್‌ವರೆಗೆ ಒಬ್ಬೊಬ್ಬರಿಗೂ ತಪ್ಪಿದ ಶಾಲೆಯ ದಿನಗಳು ಪಕ್ಕದಲ್ಲಿದ್ದವು. ತಪ್ಪಿದ ದಿನಗಳನ್ನು ಅವಳು ಹಾಜರಿ ಪುಸ್ತಕದಿಂದಲೇ ಎತ್ತಿದ್ದಳು. ಎಂಜಿನಿಯರ್ ಸಾಹೇಬರು ನೋಡಿ, ಬಹಳ ಚೆನ್ನಾಗಿದೆ ಮಗೂ ಎಂದು ಹಾಳೆಯನ್ನು ಮಡಚಿ ಜೇಬಿಗೆ ಇಳಿಸಿದರು. "ಇಟ್ಕೊಳ್ಳಿ ಸರ್, ಇನ್ನೊಂದು ಪ್ರತಿ ನನ್ನ ಹತ್ರ ಇದೆ" ಅಂದಳು ಹುಡುಗಿ. ಸಭೆಗೆ ಸಭೆಯೇ ನಕ್ಕಿತು. ಸಂಕದ ವಿಷಯ ಅವತ್ತೇ ನಡಾವಳಿಗೆ ಬಂತು, ಮುಂದಿನ ವರ್ಷದ ಕ್ರಿಯಾಯೋಜನೆಗೂ ಸೇರಿತು.

ಯಾವುದನ್ನು ಯಾರ ಹತ್ತಿರ ಕೇಳಬೇಕೆಂಬುದೂ ತಿಳಿದಿರಲಿ. ಕುಡಿಯುವ ನೀರು, ಬೀದಿದೀಪ, ಚರಂಡಿ ಪಂಚಾಯಿತಿಯ ಕೆಲಸ. ಬಸ್ಸು ಬೇಕಿದ್ದರೆ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ ಬರೆಯಬೇಕು. ಆಟದ ಮೈದಾನದ ಮೇಲೆ ಜೋತುಬಿದ್ದ ತಂತಿ ಮೆಸ್ಕಾಂ, ಹೆಸ್ಕಾಂನವರದ್ದು. ಗಣಿತಕ್ಕೆ ಮೇಷ್ಟ್ರಿಲ್ಲದಿದ್ದರೆ ಬಿಇಒ ಕಚೇರಿ. ಪಿಡಿಒ ಹತ್ತಿರ ಬಸ್ಸು ಕೇಳಿದರೆ ಅವರು ಹೂಂ ಅಂದು ಸುಮ್ಮನಾಗುತ್ತಾರೆ, ಅವರ ತಪ್ಪೇನೂ ಇಲ್ಲ. ಹೆಚ್ಚೆಂದರೆ, "ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯುವುದು" ಎಂದು ಠರಾವು ಮಾಡಿಸಬಹುದು. ಮಾಡಿಸಿದಿರಾ? ಹಾಗಿದ್ದರೆ ಹದಿನೈದು ದಿನ ಬಿಟ್ಟು ಹೋಗಿ ಆ ಪತ್ರದ ನಕಲು ಕೇಳಿ.

ಅರ್ಜಿಯನ್ನು ಯಾವಾಗಲೂ ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. "ನನ್ನ ಹತ್ತಿರವೇ ಕೊಟ್ಟು ಹೋಗಿ ಮರೀ, ಮುದ್ರೆ ಯಾಕೆ" ಎಂದು ಪ್ರೀತಿಯಿಂದ ಹೇಳುವವರು ಸಿಗುತ್ತಾರೆ. ಅಷ್ಟೇ ಪ್ರೀತಿಯಿಂದ ಮುದ್ರೆ ಹಾಕಿಸಿಕೊಂಡೇ ಬನ್ನಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 2005ರ ಆ ಕಾಯ್ದೆಯಲ್ಲಿ ಅರ್ಜಿ ಹಾಕುವವರಿಗೆ ವಯಸ್ಸಿನ ಮಿತಿ ಇಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಗಾಂಧೀಜಿಗೆ ರಾಷ್ಟ್ರಪಿತ ಎಂಬ ಬಿರುದು ಕೊಟ್ಟ ಆದೇಶ ಎಲ್ಲಿದೆ ಎಂದು 2012ರಲ್ಲಿ ಲಖನೌದ ಪುಟ್ಟ ಬಾಲಕಿಯೊಬ್ಬಳು ಇದೇ ಕಾಯ್ದೆಯಡಿ ಕೇಳಿದ್ದಳು. ಪ್ರಧಾನಿ ಕಚೇರಿಯಿಂದ ರಾಷ್ಟ್ರೀಯ ಪತ್ರಾಗಾರದವರೆಗೆ ಹುಡುಕಿದರೂ ಅಂಥ ದಾಖಲೆ ಸಿಗಲಿಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ಪಂಚಾಯಿತಿಯ ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾದರೂ ಅದರ ಯೋಜನೆ ಅಕ್ಟೋಬರ್‌ನಿಂದಲೇ ತಯಾರಾಗತೊಡಗುತ್ತದೆ. ನವೆಂಬರ್‌ನಲ್ಲಿ ಕೇಳಿದ್ದಕ್ಕೆ ಅದರಲ್ಲಿ ಜಾಗ ಸಿಗುತ್ತದೆ. ಮಾರ್ಚ್‌ನಲ್ಲಿ ಕೇಳಿದರೆ ಇನ್ನೊಂದು ವರ್ಷ ಕಾಯಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಎಲ್ಲವನ್ನೂ ಮೈಕಿನಲ್ಲಿ ಹೇಳಬಾರದು. ಗೆಳತಿಗೆ ಮದುವೆ ನಿಶ್ಚಯ ಮಾಡುತ್ತಿದ್ದಾರೆ, ಯಾರೋ ಕೆಟ್ಟದಾಗಿ ಮುಟ್ಟುತ್ತಾರೆ, ಮನೆಯಲ್ಲಿ ಕುಡಿದು ಹೊಡೆಯುತ್ತಾರೆ ಎಂಬಂಥ ಮಾತು ಸಭೆಯಲ್ಲಿ ಹೊರಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಹಬ್ಬುತ್ತದೆ, ಕಷ್ಟ ಪಡುವುದು ಆ ಮಗುವೇ. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಹಣ ಖರ್ಚಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ನಂಬಿಕೆಯ ಟೀಚರ್ ಇದ್ದರೆ ಅವರಿಗೆ ಹೇಳಿ. ಸಭೆಯಲ್ಲಿ ಹೆಸರೆತ್ತದೆ, "ನಮ್ಮ ಊರಿನಲ್ಲಿ ಬಾಲ್ಯವಿವಾಹ ತಡೆಯಲು ಏನು ಮಾಡುತ್ತಿದ್ದೀರಿ" ಎಂದು ಕೇಳಿದರೆ ಸಾಕು.

ಇನ್ನು ಜಾಥಾ, ಬೀದಿ ಗುಡಿಸುವುದು, ಗಿಡ ನೆಡುವುದು. ಬೇಡ ಅನ್ನುವುದಿಲ್ಲ. ಬ್ಯಾನರ್ ಮುಂದೆ ಹೊಸ ಪೊರಕೆ ಹಿಡಿದು ಹತ್ತು ನಿಮಿಷ ನಿಲ್ಲುವುದಕ್ಕೆ ಮಾತ್ರ ಅರ್ಥವಿಲ್ಲ. ಚರಂಡಿಗೆ ಇಳಿಯಿರಿ ಎಂದು ಯಾರಾದರೂ ಹೇಳಿದರೆ ಇಳಿಯಬೇಡಿ. ಅದು ಸೇವೆಯಾಗುವುದಿಲ್ಲ, ಪಂಚಾಯಿತಿ ಸಂಬಳ ಕೊಟ್ಟು ಯಂತ್ರ ಇಟ್ಟು ಮಾಡಿಸಬೇಕಾದ ಕೆಲಸ. ಶಾಲಾ ಸಂಸತ್ತು ನನಗೆ ಇದಕ್ಕಿಂತ ಇಷ್ಟ. ಆದರೆ ಮಂತ್ರಿಗಳಾದವರು ಬ್ಯಾಡ್ಜು ಹಾಕಿಕೊಂಡು ಪ್ರಮಾಣವಚನ ಓದಿದಲ್ಲಿಗೆ ಕಥೆ ಮುಗಿಯಬಾರದು. ಆಹಾರ ಮಂತ್ರಿಯಾದವಳು ಬೆಳಗ್ಗೆ ಎಷ್ಟು ಮಕ್ಕಳು ಬಂದಿದ್ದಾರೆ ನೋಡಿ, ಎಷ್ಟು ಅಕ್ಕಿ ಬೇಯಿಸಲು ಅಳೆದರು ಎಂದು ಕೇಳಿ ಬರೆದಿಡಲಿ. ಅಡುಗೆಯಮ್ಮನಿಗೆ ಮೂರು ತಿಂಗಳಿಂದ ಗೌರವಧನ ಬಂದಿಲ್ಲವೆಂದು ಗೊತ್ತಾದರೆ ಅದನ್ನೂ ಸಭೆಗೆ ತರಲಿ. ಮಂತ್ರಿಗಿರಿ ಅಂದರೆ ಇಷ್ಟು ಕೆಲಸ ಇರಬೇಕು.

ಕೊನೆಗೆ ಫೈಲಿನ ವಿಷಯ. ಪಿಡಿಒಗೆ ವರ್ಗಾವಣೆ ಆಗುತ್ತದೆ, ಅಧ್ಯಕ್ಷರು ಬದಲಾಗುತ್ತಾರೆ, ಹತ್ತನೇ ತರಗತಿ ಮುಗಿಸಿ ನೀವೂ ಹೊರಡುತ್ತೀರಿ. ಅದಕ್ಕೇ ಮುದ್ರೆ ಬಿದ್ದ ಅರ್ಜಿ, ನಡಾವಳಿಯ ನಕಲು, ನಿಮ್ಮ ನಕ್ಷೆ ಎಲ್ಲವನ್ನೂ ಒಂದು ರಟ್ಟಿನ ಫೈಲಿಗೆ ಹಾಕಿ ಶಾಲೆಯ ಕಪಾಟಿನಲ್ಲಿಡಿ, ಮೊದಲ ಪುಟದಲ್ಲಿ ಯಾವುದು ಆಯಿತು, ಯಾವುದು ಬಾಕಿ ಎಂದು ಬರೆಯಿರಿ. ಈ ಸಲ ಸಭೆಗೆ ಹೋಗುವಾಗ ಆರನೇ ತರಗತಿಯ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ: ಹೋದ ವರ್ಷ ಬರೆಸಿದ್ದರಲ್ಲಿ ಎಷ್ಟು ಆಗಿದೆ, ಸರ್?