ಕನಸು ಕಂಡ ಮೇಲೆ ಏನು?

ಸತ್ಯವೇದ ತೆರೀರಿ: 1 ಅರಸುಗಳು 3ನೇ ಅಧ್ಯಾಯ, 5ರಿಂದ 15ನೇ ವಚನ.

ಒಬ್ಬ ತಮ್ಮ ನನ್ನ ಹತ್ರ ಬಂದು ಕೇಳಿದ: "ಪಾಸ್ಟರ್, ಕನಸಿನಾಗ ದೊಡ್ಡ ರಸ್ತೆ, ಅದರ ತುದಿಗೆ ಬೆಳಕು ಕಂಡೆ. ಇಲ್ಲಿನ ಕೆಲಸ ಬಿಟ್ಟು ಪುಣೆಗೆ ಹೋಗ್ಲಾ?" ನಗಬೇಡ್ರಿ. ನಮ್ಮ ಹೈವೇ ಒಂದು ಕಡೆ ಪುಣೆಗೆ, ಇನ್ನೊಂದು ಕಡೆ ಹೈದರಾಬಾದಿಗೆ ಹೋಗ್ತದ. ಆದರೆ ಅವನ ಸಂಬಳದ ಮೇಲೆ ತಾಯಿಯ ಔಷಧ, ತಂಗಿಯ ಫೀಸು ಎರಡೂ ನಿಂತಿವೆ. ಒಂದು ಕನಸನ್ನು ನಂಬಿ ಇಡೀ ಮನೆಯನ್ನು ಪಣಕ್ಕಿಡಬಹುದಾ?

ಈಗ ಪರದೆಯ ಮೇಲಿನ ಚಿತ್ರ ನೋಡ್ರಿ. ಇಟಲಿಯ ನೇಪಲ್ಸ್ ಊರಿನ ಲೂಕಾ ಜೋರ್ಡಾನೋ 1690ರ ದಶಕದಲ್ಲಿ ಬಿಡಿಸಿದ "ಸೊಲೊಮೋನನ ಕನಸು". ಇದು ಸ್ಪೇನಿನ ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಮ್ಮಿನಲ್ಲಿದೆ. ಅರಸನು ಹಾಸಿಗೆಯ ಮೇಲೆ ಮಲಗಿದ್ದಾನೆ, ಮೇಲಿನಿಂದ ದೇವರ ಬೆಳಕು ಅವನ ಮೇಲೆ ಇಳಿಯುತ್ತಿದೆ. ಪಕ್ಕದಲ್ಲಿರುವ ಸ್ತ್ರೀ ಮಿನರ್ವಾ, ರೋಮನ್ನರ ಜ್ಞಾನದೇವತೆ. ಬರೋಕ್ ಕಾಲದ ಚಿತ್ರಕಾರರು ಜ್ಞಾನವನ್ನು ಹೀಗೂ ತೋರಿಸುತ್ತಿದ್ದರು. ವಾಕ್ಯದಲ್ಲಿ ಅಂಥವಳು ಯಾರೂ ಇಲ್ಲ, ಕೊಟ್ಟವನು ಕರ್ತನೊಬ್ಬನೇ.

ಅದೇ ಮ್ಯೂಸಿಯಮ್ಮಿನಲ್ಲಿ ರಿಬೇರಾ 1639ರಲ್ಲಿ ಬಿಡಿಸಿದ "ಯಾಕೋಬನ ಕನಸು" ಇದೆ. ಬಡ ಕುರುಬನಂತೆ ಯಾಕೋಬನು ನೆಲದ ಮೇಲೆ ಮಲಗಿದ್ದಾನೆ. ಏಣಿ ಎಲ್ಲಿ? ಹಿಂದೆ ಒಂದು ಮಸುಕು ಬೆಳಕು, ಅಷ್ಟೇ. ದಾರಿಹೋಕನು ನೋಡಿದ್ದರೆ ದಣಿದ ಮನುಷ್ಯನೊಬ್ಬನನ್ನು ಮಾತ್ರ ಕಾಣುತ್ತಿದ್ದ. ಅರಮನೆಯವನಿಗೂ ಮನೆ ಬಿಟ್ಟು ಓಡಿದವನಿಗೂ ದೇವರು ಮಾತಾಡುತ್ತಾನೆ. ಹಲ್ಲೆಲೂಯಾ!

ಆದರೆ ಚಿತ್ರ ರಾತ್ರಿಗೇ ನಿಲ್ಲುತ್ತದೆ, ವಾಕ್ಯ ಬೆಳಗಿನ ತನಕ ಹೋಗುತ್ತದೆ. ಮೂರು ಸಂಗತಿ ಬರ್ಕೊಳ್ರಿ.

ಒಂದು, ಸೊಲೊಮೋನನು ಕೇಳಿದ್ದೇನು? ಹಣವಲ್ಲ, ದೀರ್ಘಾಯುಷ್ಯವಲ್ಲ, ಶತ್ರುಗಳ ಸಾವಲ್ಲ. ಜನರಿಗೆ ನ್ಯಾಯ ತೀರಿಸಲು ವಿವೇಕವುಳ್ಳ ಹೃದಯ. ನಿಮ್ಮ ಕನಸಿನಲ್ಲಿ ನೀವೊಬ್ಬರೇ ಇದ್ದೀರಾ, ಮನೆಯವರಿಗೂ ಜಾಗ ಇದೆಯಾ?

ಎರಡು, ಎದ್ದ ಮೇಲೆ ಅವನು ಯೆರೂಸಲೇಮಿಗೆ ಬಂದು ಒಡಂಬಡಿಕೆಯ ಮಂಜೂಷದ ಮುಂದೆ ನಿಂತ. ನಾವೂ ಕನಸನ್ನು ವಾಕ್ಯದ ಮುಂದೆ, ಸಭೆಯ ಹಿರಿಯರ ಮುಂದೆ ತರಬೇಕು. ಮುಂದಿನ ವಚನಗಳಲ್ಲೇ ಇಬ್ಬರು ಸ್ತ್ರೀಯರು ಒಂದು ಕೂಸಿಗಾಗಿ ಜಗಳವಾಡಿ ಬಂದರು. ಜ್ಞಾನ ಸಿಕ್ಕಿತ್ತು ಅಂತ ಇಸ್ರಾಯೇಲ್ಯರಿಗೆ ಗೊತ್ತಾದದ್ದು ಆ ತೀರ್ಪಿನಿಂದ, ಕನಸಿನಿಂದ ಅಲ್ಲ.

ಮೂರು, 11ನೇ ಅಧ್ಯಾಯ ಓದ್ರಿ. ದೇವರು ಎರಡು ಸಲ ದರ್ಶನ ಕೊಟ್ಟ ಅದೇ ಸೊಲೊಮೋನನ ಹೃದಯ ಮುಪ್ಪಿನಲ್ಲಿ ತಿರುಗಿಬಿಟ್ಟಿತು. ದರ್ಶನ ನಮ್ಮನ್ನು ಕಾಯುವುದಿಲ್ಲ, ದಿನದಿನದ ವಿಧೇಯತೆ ಬೇಕು.

ಆ ತಮ್ಮನಿಗೆ ನಾನು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಮೊದಲು ತಾಯಿ ಹತ್ರ ಕೂತು ಮಾತಾಡು. ಅಲ್ಲಿ ಕೆಲಸ ಗಟ್ಟಿ ಇದೆಯಾ ವಿಚಾರಿಸು. ಉಪವಾಸವಿದ್ದು ಪ್ರಾರ್ಥಿಸು" ಅಂದೆ. ಅವನ ಮುಖ ಸ್ವಲ್ಪ ಬಾಡಿತು. ನನ್ನಿಂದ ಪ್ರವಾದನೆ ಕೇಳೋಕೆ ಬಂದಿದ್ದ. ಆದರೆ ಯಾಕೋಬನ ಪತ್ರಿಕೆ 1:5 ಹೇಳುವಂತೆ, ಜ್ಞಾನ ಕಡಿಮೆ ಇದ್ದವನು ದೇವರನ್ನೇ ಕೇಳಬಹುದು, ಆತನು ಹಂಗಿಸುವುದಿಲ್ಲ.

ಕಣ್ಣು ಮುಚ್ಚೋಣ. ತಂದೆಯೇ, ಕನಸು ಕೊಟ್ಟರೆ ಸ್ತೋತ್ರ, ಕೊಡದಿದ್ದರೂ ಸ್ತೋತ್ರ. ನಾಳೆ ಬೆಳಿಗ್ಗೆ ಸರಿಯಾದದ್ದನ್ನು ಆರಿಸುವ ಹೃದಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.