ಸಾಗರ ಕಯಾಕಿಂಗ್: ಒಂದು ದಿನದ ಯಾನ ಕಲಿಸುವ ವ್ಯವಹಾರ ಪಾಠ

ಕರಾವಳಿ ಪ್ರವಾಸೋದ್ಯಮ ಎಂದೊಡನೆ ನಮ್ಮ ಉದ್ಯಮಿಗಳ ಕಣ್ಣ ಮುಂದೆ ಬರುವುದು ಹೋಟೆಲು, ರೆಸಾರ್ಟು ಹಾಗೂ ಯಾಂತ್ರಿಕ ದೋಣಿಗಳ ದೊಡ್ಡ ಬಂಡವಾಳ. ಆದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಕಯಾಕ್ ದೋಣಿಗಳನ್ನೂ ನುರಿತ ಮಾರ್ಗದರ್ಶಿಗಳನ್ನೂ ಮೂಲಧನವಾಗಿಸಿಕೊಂಡು ಬೆಳೆದ ಉದ್ಯಮವೊಂದು ನ್ಯೂಜಿಲೆಂಡಿನ ಏಬೆಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ತೀರದಲ್ಲಿದೆ. ಮುನ್ನೂರು ಕಿ.ಮೀ.ಗೂ ಮಿಕ್ಕಿದ ಕಡಲತೀರವುಳ್ಳ ನಮ್ಮ ರಾಜ್ಯದ ಉದ್ಯಮಶೀಲರಿಗೆ ಅದರ ಅಧ್ಯಯನವು ಉಪಯುಕ್ತವಾದೀತೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ತಾಣದ ಪರಿಚಯ

ದಕ್ಷಿಣ ದ್ವೀಪದ ಉತ್ತರ ಭಾಗದಲ್ಲಿರುವ ಈ ಉದ್ಯಾನವು 1942ರಲ್ಲಿ ಸ್ಥಾಪನೆಯಾಯಿತು. 1642ರಲ್ಲಿ ಆ ನಾಡಿನ ತೀರವನ್ನು ಕಂಡ ಡಚ್ ನಾವಿಕನ ಹೆಸರನ್ನು ಇದಕ್ಕೆ ಇಡಲಾಗಿದೆ. ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಇದೇ ಚಿಕ್ಕದು. ಹೊಂಬಣ್ಣದ ಮರಳು, ನೀರಿನಂಚಿಗೆ ಇಳಿದು ಬಂದ ಕಾಡು, ಇಬ್ಭಾಗವಾದ ಸೇಬಿನಂತೆ ಕಾಣುವ ಗ್ರಾನೈಟ್ ಬಂಡೆ, ಸೀಲ್‌ಗಳು ನೆಲೆಸಿರುವ ಟೋಂಗಾ ದ್ವೀಪ ಇವು ಇಲ್ಲಿನ ಆಕರ್ಷಣೆಗಳು. ಆ ದ್ವೀಪದ ಸುತ್ತಲಿನ ಕಡಲು 1993ರಿಂದ ಸಂರಕ್ಷಿತ ವಲಯವಾಗಿದೆ.

ಯಾನದ ಸ್ವರೂಪ

ಮರಹಾವ್ ಎಂಬ ಚಿಕ್ಕ ಊರಿನಿಂದ ಬೆಳಿಗ್ಗೆ ಯಾನ ಹೊರಡುತ್ತದೆ. ನೀರಿಗಿಳಿಯುವ ಮುನ್ನ ಮಾರ್ಗದರ್ಶಿಯು ಲೈಫ್ ಜಾಕೆಟ್ ತೊಡುವ, ಹುಟ್ಟು ಹಿಡಿಯುವ ಹಾಗೂ ದೋಣಿ ಮಗುಚಿದರೆ ಹೊರಬರುವ ಕ್ರಮವನ್ನು ದಡದಲ್ಲಿಯೇ ಕಲಿಸುತ್ತಾನೆ. ಹೊಸಬರಿಗೆ ಸಾಮಾನ್ಯವಾಗಿ ಇಬ್ಬರು ಕೂರುವ ದೋಣಿಯನ್ನು ಕೊಡಲಾಗುತ್ತದೆ. ನಿರ್ಜನ ಮರಳುದಂಡೆಯೊಂದರಲ್ಲಿ ಮಧ್ಯಾಹ್ನದ ಊಟ.

ಇಲ್ಲಿ ಗಮನಿಸಬೇಕಾದ ವ್ಯವಸ್ಥೆಯೊಂದಿದೆ. ಅನೇಕ ಯಾನಗಳಲ್ಲಿ ಗ್ರಾಹಕರು ಒಂದು ದಿಕ್ಕಿನಲ್ಲಿ ಮಾತ್ರ ಹುಟ್ಟು ಹಾಕುತ್ತಾರೆ. ಮರುಪ್ರಯಾಣ ಯಾಂತ್ರಿಕ ಟ್ಯಾಕ್ಸಿ ದೋಣಿಯಲ್ಲಿ. ಇಳಿತದ ವೇಳೆ ಮರಹಾವ್‌ನ ನೀರು ಬಹುದೂರ ಸರಿಯುವುದರಿಂದ ಈ ಟ್ಯಾಕ್ಸಿ ದೋಣಿಗಳನ್ನು ಟ್ರ್ಯಾಕ್ಟರ್‌ಗಳು ಎಳೆದು ನೀರಿಗಿಳಿಸುತ್ತವೆ. ದಣಿದವರು ಸಂಜೆಯ ಎದುರುಗಾಳಿಯಲ್ಲಿ ಹೆಣಗಬೇಕಾಗಿಲ್ಲ. ಒಂದು ಉದ್ಯಮವು ಇನ್ನೊಂದಕ್ಕೆ ಗ್ರಾಹಕರನ್ನು ಒದಗಿಸುವ ಪರಸ್ಪರ ಪೂರಕ ವ್ಯವಹಾರ ಇದು.

ಮಾರ್ಗದರ್ಶಿಯ ವಿದ್ಯೆ

ಈ ತೀರದಲ್ಲಿ ಉಬ್ಬರವಿಳಿತಗಳ ಅಂತರವು ದೊಡ್ಡ ಉಬ್ಬರದ ದಿನಗಳಲ್ಲಿ ಸುಮಾರು 4 ಮೀಟರ್ ಇರುತ್ತದೆ. ನೀರು ಏರಲು ಸುಮಾರು 6 ತಾಸು ಬೇಕಾದರೂ ಅದು ಸಮನಾಗಿ ಏರುವುದಿಲ್ಲ. ನಾವಿಕರ ಸ್ಥೂಲ ಲೆಕ್ಕದ ಪ್ರಕಾರ ಅಂತರವನ್ನು 12 ಪಾಲು ಮಾಡಿದರೆ ಕ್ರಮವಾಗಿ ತಾಸಿಗೆ 1, 2, 3, 3, 2, 1 ಪಾಲು ಏರುತ್ತದೆ. ಅಂದರೆ ನಡುವಿನ 2 ತಾಸುಗಳಲ್ಲಿಯೇ ಅರ್ಧದಷ್ಟು, ಸುಮಾರು 2 ಮೀಟರ್ ನೀರು ಏರುತ್ತದೆ. ಅಳಿವೆಯ ಬಾಯಲ್ಲಿ ಸೆಳೆತವು ಆಗಲೇ ಹೆಚ್ಚು. ಬೆಳಗಿನ ಶಾಂತ ಕಡಲು ಮಧ್ಯಾಹ್ನ ಕಡಲಗಾಳಿಯಿಂದ ಕೆರಳುವುದೂ ಉಂಟು. ಹೊರಡುವ ಹೊತ್ತು, ಊಟದ ತಾಣ, ಹಿಂದಿರುಗುವ ಸಮಯ ಎಲ್ಲವೂ ಈ ಲೆಕ್ಕವನ್ನು ಅವಲಂಬಿಸಿವೆ.

ಸಾಹಸ ಚಟುವಟಿಕೆ ನಡೆಸುವವರು ಸುರಕ್ಷತಾ ಪರಿಶೋಧನೆಗೆ ಒಳಪಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮಾವಳಿಯನ್ನು ಆ ದೇಶವು 2011ರಲ್ಲಿ ತಂದಿತು. 2016ರಲ್ಲಿ ಅದರ ಸ್ಥಾನದಲ್ಲಿ ಹೊಸ ನಿಯಮಾವಳಿ ಬಂದಿತು.

ರದ್ದಾದ ದಿನದ ಲೆಕ್ಕ

ಗಾಳಿ ಎದ್ದ ದಿನ ಯಾನವನ್ನು ರದ್ದುಪಡಿಸುವ ಧೈರ್ಯವೇ ಈ ಉದ್ಯಮದ ಜೀವಾಳ. ಆ ಧೈರ್ಯವು ದರ ನಿಗದಿಯಲ್ಲಿಯೇ ಅಡಗಿದೆ. ಉದಾಹರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ.

ದಿನಕ್ಕೆ 5 ಮಂದಿ ಗ್ರಾಹಕರು, ತಲಾ ದರ ರೂ. 2,000, ಊಟ ಇತ್ಯಾದಿ ವೆಚ್ಚ ತಲಾ ರೂ. 500, ಸಂಬಳ, ವಿಮೆ, ಸವಕಳಿ ಸೇರಿ ದಿನದ ಸ್ಥಿರ ವೆಚ್ಚ ರೂ. 6,000 ಎಂದುಕೊಳ್ಳೋಣ. 30 ದಿನವೂ ಯಾನ ನಡೆದರೆ ರೂ. 45,000 ಲಾಭ. ಹವಾಮಾನದಿಂದ 10 ದಿನ ರದ್ದಾದರೆ 20 ದಿನಗಳ ಗಳಿಕೆ ರೂ. 1,50,000; ಸ್ಥಿರ ವೆಚ್ಚ ಮಾತ್ರ ರೂ. 1,80,000. ಲಾಭವು ರೂ. 30,000 ನಷ್ಟವಾಗಿ ಮಾರ್ಪಡುತ್ತದೆ. ಇಂತಹ ಮಾಲೀಕನು ಹನ್ನೊಂದನೆಯ ಕೆಟ್ಟ ದಿನ "ಹೇಗಾದರೂ ಹೋಗಿ ಬನ್ನಿ" ಎನ್ನುವ ಪ್ರಲೋಭನೆಗೆ ಒಳಗಾಗುತ್ತಾನೆ. ಅಪಘಾತಕ್ಕೆ ದಾರಿಯಾಗುವುದು ಆ ಮಾತೇ. ಆರಂಭದಲ್ಲಿಯೇ 20 ದಿನಗಳನ್ನು ಆಧಾರವಾಗಿರಿಸಿಕೊಂಡು ದರವನ್ನು ರೂ. 2,500 ಎಂದು ನಿಗದಿಪಡಿಸಿದ್ದರೆ, ಗ್ರಾಹಕರ ಸಂಖ್ಯೆ ಅಷ್ಟೇ ಉಳಿದಲ್ಲಿ, ರೂ. 20,000 ಉಳಿಯುತ್ತಿತ್ತು. ಮಾರ್ಗದರ್ಶಿಯೂ ನಿಶ್ಚಿಂತೆಯಿಂದ "ಇಂದು ಬೇಡ" ಎನ್ನಬಹುದಿತ್ತು.

ನಮ್ಮ ತೀರಕ್ಕೆ ಅನ್ವಯ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಆರಂಭದಲ್ಲಿಯೇ ಲೆಕ್ಕದಿಂದ ಹೊರಗಿಡಬೇಕು. ಕಾಳಿ, ಶರಾವತಿ ನದಿಗಳ ಅಳಿವೆಗಳೂ ಕಾಂಡ್ಲಾ ವನಗಳೂ ಹೊಸಬರ ಕಲಿಕೆಗೆ ತಕ್ಕ ತಾಣಗಳು. ಗೋಕರ್ಣದ ಓಂ ತೀರದ ಸುತ್ತಲಿನ ಭೂಶಿರಗಳು ಪಳಗಿದವರಿಗೆ ಮಾತ್ರ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ದೊರೆತ ಬ್ಲೂ ಫ್ಲ್ಯಾಗ್ ಮಾನ್ಯತೆಯು, ಶುಚಿತ್ವ ಹಾಗೂ ಸುರಕ್ಷತೆಯ ಅಂತರರಾಷ್ಟ್ರೀಯ ಮಟ್ಟವನ್ನು ನಾವೂ ಮುಟ್ಟಬಲ್ಲೆವೆಂದು ತೋರಿಸಿದೆ.

ಎಲ್ಲಕ್ಕಿಂತ ಮಿಗಿಲಾಗಿ, ಗಾಳಿ ಮತ್ತು ನೀರಿನ ಗುಣವನ್ನು ತಲೆಮಾರುಗಳಿಂದ ಬಲ್ಲ ಮೀನುಗಾರ ಸಮುದಾಯಗಳು ನಮ್ಮಲ್ಲಿವೆ. ಆ ಮನೆಗಳ ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ, ರಕ್ಷಣಾ ತರಬೇತಿ ಹಾಗೂ ಭಾಷಾ ಕೌಶಲ ಒದಗಿಸಿದರೆ ಉತ್ತಮ ಮಾರ್ಗದರ್ಶಿಗಳು ದೊರೆಯುತ್ತಾರೆ. ಅವರನ್ನು ಕೂಲಿಯವರನ್ನಾಗಿ ಅಲ್ಲದೆ ಪಾಲುದಾರರನ್ನಾಗಿ ಪರಿಗಣಿಸುವುದು ಉಚಿತ. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಪ್ರತಿಯೊಬ್ಬ ಮಾರ್ಗದರ್ಶಿಗೂ ಕಂಠಪಾಠವಾಗಿರಬೇಕು.

ಈ ಉದ್ಯಮದಲ್ಲಿ ಗ್ರಾಹಕನು ಹಣ ತೆರುವುದು ದೋಣಿಗಾಗಿ ಮಾತ್ರವಲ್ಲ, ಕಡಲನ್ನು ಬಲ್ಲವರ ವಿವೇಚನೆಗಾಗಿ. ಆ ವಿವೇಚನೆಗೆ ನ್ಯಾಯವಾದ ಬೆಲೆ ಕಟ್ಟುವ ಉದ್ಯಮಿಯೇ ಇಲ್ಲಿ ಬಾಳಿ ಬೆಳೆಯಬಲ್ಲನು.