ಜಲಾನಯನ ಪ್ರದೇಶ: ಅಭಿವೃದ್ಧಿಯ ಸಹಜ ಘಟಕ

ಮಳೆಯ ನೀರಿಗೆ ಗ್ರಾಮ, ತಾಲ್ಲೂಕು, ಜಿಲ್ಲೆಗಳ ಗಡಿ ತಿಳಿಯದು. ನೆಲದ ಇಳಿಜಾರೇ ಅದರ ದಾರಿ. ಒಂದು ಹಳ್ಳಕ್ಕೋ ಕೆರೆಗೋ ನದಿಗೋ ನೀರು ಹರಿದು ಬರುವ ಸಮಸ್ತ ಭೂಭಾಗಕ್ಕೆ ಜಲಾನಯನ ಪ್ರದೇಶವೆಂದು ಹೆಸರು. ಆದರೆ ಅಭಿವೃದ್ಧಿ ಯೋಜನೆಗಳನ್ನು ಬಹುಕಾಲ ಆಡಳಿತದ ಗಡಿಗಳಿಗೆ ಅನುಗುಣವಾಗಿಯೇ ರೂಪಿಸಲಾಗುತ್ತಿತ್ತು. ಮೇಲಿನ ಗುಡ್ಡ ಬೋಳಾದುದರಿಂದ ಕೆಳಗಿನ ಕೆರೆಗೆ ಒದಗುವ ಹಾನಿ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಈ ದೋಷವನ್ನೂ ಅದರ ಪರಿಹಾರವನ್ನೂ ಹರಿಯಾಣದ ಸುಖೋಮಾಜ್ರಿ ಎಂಬ ಸಣ್ಣ ಗ್ರಾಮ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ಸರೋವರದಿಂದ ಗ್ರಾಮಕ್ಕೆ

ಚಂಡೀಗಢ ನಗರದ ಅಂಚಿನಲ್ಲಿ 1958ರಲ್ಲಿ ಸುಖ್ನಾ ಸರೋವರವನ್ನು ನಿರ್ಮಿಸಲಾಯಿತು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಹೂಳೆತ್ತುವುದಕ್ಕೆ ಎಷ್ಟು ಶ್ರಮಿಸಿದರೂ ಪ್ರತಿ ಮಳೆಗಾಲದಲ್ಲಿ ಹೊಸ ಮಣ್ಣು ಬಂದು ಸೇರುತ್ತಿತ್ತು. 1970ರ ದಶಕದಲ್ಲಿ ಪಿ.ಆರ್. ಮಿಶ್ರಾ ಅವರ ನೇತೃತ್ವದಲ್ಲಿ ಮಣ್ಣು ಸಂರಕ್ಷಣಾ ತಜ್ಞರು ಇದರ ಮೂಲವನ್ನು ಅರಸಿ ಶಿವಾಲಿಕ ಬೆಟ್ಟಗಳನ್ನು ಏರಿದರು. ಅಲ್ಲಿ ಸುಖೋಮಾಜ್ರಿಯ ಸುತ್ತಲಿನ ಇಳಿಜಾರುಗಳು ಮೇಯಿಸುವಿಕೆಯಿಂದ ಬರಿದಾಗಿ ಆಳವಾದ ಕೊರಕಲುಗಳಾಗಿದ್ದವು.

ಗ್ರಾಮಸ್ಥರ ಕೃಷಿ ಮಳೆಯನ್ನೇ ನಂಬಿತ್ತು. ಇಳುವರಿ ಸಾಲದ ಕಾರಣ ಆಡು, ದನಗಳನ್ನು ಬೆಟ್ಟಕ್ಕೆ ಬಿಡುವುದು ಅವರಿಗೆ ಅನಿವಾರ್ಯವಾಗಿತ್ತು. ಜೀವನೋಪಾಯಕ್ಕೆ ಬೇರೆ ದಾರಿ ತೋರದೆ ಮೇಯಿಸುವುದನ್ನು ನಿಲ್ಲಿಸಿರೆಂದರೆ ಆ ಮಾತು ನಡೆಯುವಂತಿರಲಿಲ್ಲ.

ನೀರಿನ ಸಮಪಾಲು

1976ರಲ್ಲಿ ಅಲ್ಲಿ ಮಣ್ಣಿನ ಒಡ್ಡೊಂದನ್ನು ಕಟ್ಟಲಾಯಿತು. ಒಡ್ಡು ಮಣ್ಣನ್ನು ತಡೆಯಿತು. ನಿಂತ ನೀರು ಹೊಲಗಳಿಗೆ ಒದಗಿತು. ಆದರೆ ಆರಂಭದಲ್ಲಿ ಅದರ ಲಾಭ ದೊರೆತದ್ದು ಕೆಲವೇ ಭೂಮಾಲೀಕರಿಗೆ. ನೀರು ಪಡೆಯದವರು ಬೆಟ್ಟವನ್ನು ಕಾಯಲು ಒಪ್ಪಲಿಲ್ಲ. ಈ ಆಕ್ಷೇಪಣೆಯಿಂದಲೇ ಹೊಸ ನಿಯಮ ಹುಟ್ಟಿತು: ಭೂಮಿ ಇರಲಿ, ಇಲ್ಲದಿರಲಿ, ಪ್ರತಿಯೊಂದು ಕುಟುಂಬಕ್ಕೂ ನೀರಿನಲ್ಲಿ ಸಮಪಾಲು. ಭೂರಹಿತರು ತಮ್ಮ ಪಾಲನ್ನು ಇತರರಿಗೆ ಮಾರಬಹುದಾಗಿತ್ತು. ಇದಕ್ಕೆ ಪ್ರತಿಯಾಗಿ ಜನರು ಬೆಟ್ಟದಲ್ಲಿ ಮೇಯಿಸುವುದನ್ನು ತಾವಾಗಿಯೇ ತ್ಯಜಿಸಿದರು. ಮುಳ್ಳುತಂತಿಯ ಬೇಲಿಗೆ ಬದಲು ಸಾಮಾಜಿಕ ಬೇಲಿ ಏರ್ಪಟ್ಟಿತು.

ಬೆಟ್ಟದಲ್ಲಿ ಹುಲ್ಲು ಹಾಗೂ ಮರಗಳು ಚಿಗುರಿದವು. ಆಡುಗಳ ಸಂಖ್ಯೆ ಇಳಿದು, ಕಟ್ಟಿ ಮೇಯಿಸುವ ಎಮ್ಮೆಗಳು ಹೆಚ್ಚಿದವು. ಹಾಲು, ಹೊಲದ ಬೆಳೆ, ಹಗ್ಗಕ್ಕೂ ಕಾಗದಕ್ಕೂ ಬಳಕೆಯಾಗುವ ಭಬ್ಬರ್ ಹುಲ್ಲು ಆದಾಯದ ಮೂಲಗಳಾದವು. ಗ್ರಾಮದ ಕಡೆಯಿಂದ ಹರಿದು ಬರುವ ಹೂಳೂ ಗಣನೀಯವಾಗಿ ತಗ್ಗಿತು. ಸರೋವರದ ರಕ್ಷಣೆ ಮತ್ತು ಗ್ರಾಮದ ಆರ್ಥಿಕ ಪ್ರಗತಿ ಒಂದೇ ಕಾರ್ಯದ ಎರಡು ಫಲಗಳಾದವು.

ಯೋಜನೆಯ ಕ್ರಮ

ಜಲಾನಯನ ಅಭಿವೃದ್ಧಿಯು ದಿಬ್ಬದ ನೆತ್ತಿಯಿಂದ ಆರಂಭವಾಗಿ ಕಣಿವೆಗೆ ಇಳಿಯಬೇಕು. ನೆತ್ತಿಯಲ್ಲಿ ಅರಣ್ಯ ಮತ್ತು ಹುಲ್ಲು, ನಡು ಇಳಿಜಾರಿನಲ್ಲಿ ಬದುಗಳು ಮತ್ತು ತೋಟಗಾರಿಕೆ, ತಗ್ಗಿನಲ್ಲಿ ಬೇಸಾಯ ಮತ್ತು ಕೆರೆಗಳು. ಹೀಗೆ ನೆಲದ ಸಾಮರ್ಥ್ಯವೇ ಉದ್ಯೋಗದ ಸ್ವರೂಪವನ್ನು ನಿರ್ಧರಿಸುತ್ತದೆ. ಮೇಲ್ಭಾಗವನ್ನು ಬಿಟ್ಟು ಕೆಳಗೆ ಕಟ್ಟಿದ ಒಡ್ಡು ಬೇಗನೆ ಹೂಳಿನಿಂದ ತುಂಬುತ್ತದೆ.

ಸಿ.ಎಚ್. ಹನುಮಂತರಾವ್ ಸಮಿತಿಯ 1994ರ ಶಿಫಾರಸುಗಳನ್ನು ಅನುಸರಿಸಿ, ಸುಮಾರು 500 ಹೆಕ್ಟೇರಿನ ಜಲಾನಯನವನ್ನು ಘಟಕವಾಗಿ ಸ್ವೀಕರಿಸಿದ ಕೇಂದ್ರ ಮಾರ್ಗಸೂಚಿಗಳು 1995ರಲ್ಲಿ ಜಾರಿಗೆ ಬಂದವು. 2008ರ ಸಾಮಾನ್ಯ ಮಾರ್ಗಸೂಚಿಗಳು 1,000ದಿಂದ 5,000 ಹೆಕ್ಟೇರುಗಳ ಸಮೂಹಗಳನ್ನು ಸೂಚಿಸಿದವು. 2015ರಲ್ಲಿ ಈ ಕಾರ್ಯವು ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಅಂಗವಾಯಿತು.

ಆದರೂ ಒಡ್ಡು ಕಟ್ಟಿದ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಹೂಳೆತ್ತುವ ಹೊಣೆ, ನೀರು ಹಂಚುವ ನಿಯಮ ಮತ್ತು ಭೂರಹಿತರ ಪಾಲು ಉಳಿದಿರುವವರೆಗೆ ಮಾತ್ರ ಫಲವೂ ಉಳಿಯುತ್ತದೆ. ನಗರವಾಸಿಗಳ ನಲ್ಲಿಗೆ ಬರುವ ನೀರೂ ಎಲ್ಲೋ ಒಂದು ಇಳಿಜಾರಿನಲ್ಲಿಯೇ ಹುಟ್ಟುತ್ತದೆ. ಆ ಇಳಿಜಾರನ್ನು ಕಾಯುವವರ ಬದುಕು ಹಸನಾದಾಗಲೇ ಆ ನೀರಿಗೆ ಭದ್ರತೆ.